ಮನೆಯ ಸಿಡಿಗಳಲ್ಲಿರುವ ಪ್ರವಚನ, ಸ್ತೋತ್ರಗಳನ್ನು ಉಳಿಸಿಕೊಳ್ಳುವುದು ಹೇಗೆ?



ಮೂಡಬಿದಿರೆ, ಕಾರ್ಕಳ, ಹಾಸನ, ಬೆಳಗಾವಿ ಕಡೆಯಿಂದ ಬಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಸುತ್ತಮುತ್ತ ನೆಲೆಸಿರುವ ಜೈನ ಕುಟುಂಬಗಳ ಮನೆಗಳಲ್ಲಿ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇರುವುದುಂಟು. ಅದರಲ್ಲಿ ಭಕ್ತಾಮರ ಸ್ತೋತ್ರ, ಜಿನಭಜನೆ, ಚಾತುರ್ಮಾಸದ ಪ್ರವಚನ, ಪಂಚಕಲ್ಯಾಣದ ಧ್ವನಿಮುದ್ರಣ, 2006ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ವಿಡಿಯೋ ಹೀಗೆ ನೂರಾರು ಸಿಡಿಗಳು. ಮನೆಯಲ್ಲಿ ಸಿಡಿ ಪ್ಲೇಯರ್ ಇಲ್ಲ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವ್ ಬರುವುದಿಲ್ಲ. "ಎಲ್ಲವೂ ಯೂಟ್ಯೂಬ್‌ನಲ್ಲಿ ಸಿಗುತ್ತದೆ" ಎಂದು ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಬೇಕು.

ಯಾವುದು ಮೊದಲು?

ಸಿಡಿಯ ಕೆಳಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಶುದ್ಧ ಬೆಳ್ಳಿಯ ಬಣ್ಣವಿದ್ದರೆ ಅದು ಸಾಮಾನ್ಯವಾಗಿ ಕಂಪನಿಯ ಅಚ್ಚಿನ ಸಿಡಿ. ಹಸಿರು, ನೀಲಿ ಅಥವಾ ಚಿನ್ನದ ಛಾಯೆ ಇದ್ದರೆ ಕಂಪ್ಯೂಟರಿನಲ್ಲಿ ಬರೆದ ಸಿಡಿ-ಆರ್. ಅಚ್ಚಿನ ಸಿಡಿಯ ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ಸಿಡಿ-ಆರ್‌ನಲ್ಲಿ ಮಾಹಿತಿ ಉಳಿಯುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಅದು ನಿಧಾನವಾಗಿ ಕೆಡುತ್ತದೆ, ನೋಡಲು ಚೆನ್ನಾಗಿಯೇ ಕಂಡರೂ ಓದಲು ಬಾರದಂತಾಗುತ್ತದೆ.

ನಮ್ಮ ಮನೆಗಳಲ್ಲಿ ಅತಿ ಅಮೂಲ್ಯವಾದದ್ದು ಇರುವುದೂ ಸಿಡಿ-ಆರ್‌ಗಳಲ್ಲೇ. ಊರ ಬಸದಿಯಲ್ಲಿ ಮುನಿಶ್ರೀಗಳು ಚಾತುರ್ಮಾಸ ಮಾಡಿದಾಗ ಯಾರೋ ಶ್ರಾವಕರು ಮುದ್ರಿಸಿ ಹಂಚಿದ ಪ್ರವಚನ, ಅಜ್ಜಿ ಹೇಳುತ್ತಿದ್ದ ಜೋಗುಳ, ಪೂಜೆಯ ಹಾಡು. ಶ್ರವಣಬೆಳಗೊಳದ ಶ್ರೀ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರು 2023ರ ಮಾರ್ಚ್‌ನಲ್ಲಿ, ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು 2024ರ ಫೆಬ್ರವರಿಯಲ್ಲಿ ನಮ್ಮನ್ನಗಲಿದರು. ಇಂಥ ಪೂಜ್ಯರು ನಿಮ್ಮೂರಿಗೆ ಬಂದಾಗ ಆಡಿದ ಮಾತಿನ ಏಕೈಕ ಪ್ರತಿ ನಿಮ್ಮ ಪೆಟ್ಟಿಗೆಯಲ್ಲೇ ಇರಬಹುದು. ಆದ್ದರಿಂದ ಕೈಬರಹದ ಸಿಡಿಗಳು ಮೊದಲು, ಅಂಗಡಿಯ ಸಿಡಿಗಳು ಆಮೇಲೆ.

ಬೇಕಾಗುವ ಸಾಮಗ್ರಿ

ಯುಎಸ್‌ಬಿ ಮೂಲಕ ಜೋಡಿಸುವ ಡಿವಿಡಿ ಡ್ರೈವ್ ಒಂದು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಂಡರೂ ಆಯಿತು. ಸಿಡಿಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಒರೆಸಬೇಡಿ. ಹೆಸರು ಬರೆದಿರುವ ಮೇಲ್ಭಾಗದ ಬಗ್ಗೆಯೂ ಜಾಗ್ರತೆ ಇರಲಿ. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಆ ಬದಿಗೇ ಹತ್ತಿರ. ಅಂಟಿಸಿದ ಚೀಟಿಯನ್ನು ಕೀಳಲು ಹೋದರೆ ಪದರವೇ ಕಿತ್ತುಬರಬಹುದು.

ಹಲವರು ಮಾಡುವ ತಪ್ಪು

ಆಡಿಯೋ ಸಿಡಿಯನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದರೆ ಟ್ರ್ಯಾಕ್ 01, ಟ್ರ್ಯಾಕ್ 02 ಎಂಬ ಸಿಡಿಎ ಫೈಲುಗಳು ಕಾಣುತ್ತವೆ. ಅವನ್ನು ಕಾಪಿ ಮಾಡಿದರೆ ಹಾಡು ಬರುವುದಿಲ್ಲ. ಒಂದೊಂದು ಫೈಲೂ ಕೇವಲ 44 ಬೈಟ್, ಅದು ಹಾಡಿರುವ ಜಾಗದ ಸೂಚನೆ ಮಾತ್ರ. ಕೆಲಸ ಮುಗಿಯಿತೆಂದು ಸಿಡಿ ಎಸೆದವರಿಗೆ ಆಮೇಲೆ ಏನೂ ಉಳಿಯುವುದಿಲ್ಲ.

ಆಡಿಯೋ ಸಿಡಿಯಿಂದ ಹಾಡನ್ನು ತೆಗೆಯಲು ಬೇರೆ ತಂತ್ರಾಂಶ ಬೇಕು. ವಿಂಡೋಸ್‌ನಲ್ಲಿ 'ಎಕ್ಸಾಕ್ಟ್ ಆಡಿಯೋ ಕಾಪಿ' ಅಥವಾ 'ಫ್ರೀಯಾಕ್' ಉಚಿತವಾಗಿ ಸಿಗುತ್ತವೆ. ಗೀಚು ಬಿದ್ದ ಭಾಗವನ್ನು ಎಕ್ಸಾಕ್ಟ್ ಆಡಿಯೋ ಕಾಪಿ ಮತ್ತೆ ಮತ್ತೆ ಓದಿ ಸರಿಪಡಿಸಲು ಯತ್ನಿಸುತ್ತದೆ. ಮ್ಯಾಕ್‌ನಲ್ಲಿ ಅದರೊಳಗಿನ 'ಮ್ಯೂಸಿಕ್' ತಂತ್ರಾಂಶವೇ ಸಾಕು.

ಎಂಪಿ3 ಸಿಡಿಗಳು ಬೇರೆ. ಅವುಗಳಲ್ಲಿನ ಫೈಲುಗಳನ್ನು ಹಾಗೆಯೇ ಕಾಪಿ ಮಾಡಿದರೆ ಸಾಕು, ಮತ್ತೆ ಪರಿವರ್ತಿಸಬೇಡಿ, ಧ್ವನಿ ಇನ್ನಷ್ಟು ಕುಗ್ಗುತ್ತದೆ. ಸಿಡಿ ಹಾಳಾಗಿದ್ದರೆ ಒಂದೊಂದೇ ಫೈಲನ್ನು ಕಾಪಿ ಮಾಡಿ. ಒಂದು ಡ್ರೈವ್ ಓದದಿದ್ದುದನ್ನು ಇನ್ನೊಂದು ಓದಬಹುದು. ವಿಸಿಡಿಯ ವಿಡಿಯೋಗಳು 'ಎಂಪೆಗ್‌ಎವಿ' ಎಂಬ ಫೋಲ್ಡರಿನಲ್ಲಿರುತ್ತವೆ, ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆಯುತ್ತವೆ.

ಯಾವ ರೂಪದಲ್ಲಿ ಇಡಬೇಕು?

ಮೂಲಪ್ರತಿಯನ್ನು ಫ್ಲ್ಯಾಕ್ ರೂಪದಲ್ಲಿಡಿ. ಧ್ವನಿಯ ಗುಣ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ, ಜಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ಸಿಡಿಗೆ 350 ಎಂಬಿ ಎಂದಿಟ್ಟುಕೊಂಡರೆ 200 ಸಿಡಿಗಳಿಗೆ 70 ಜಿಬಿ ಆಯಿತು. ಕೆಲವು ಸಿಡಿಗಳಲ್ಲಿ ಸ್ತೋತ್ರದ ಒಂದೊಂದು ಶ್ಲೋಕವೂ ಒಂದೊಂದು ಟ್ರ್ಯಾಕ್ ಆಗಿರುತ್ತದೆ. ಅಂಥವನ್ನು ಎಂಪಿ3 ಮಾಡಿದರೆ ಶ್ಲೋಕಗಳ ನಡುವೆ ಸಣ್ಣ ಮೌನ ಸೇರಿ ಪಠಣದ ಓಟ ಮುರಿಯಬಹುದು. ಫ್ಲ್ಯಾಕ್‌ನಲ್ಲಿ ಆ ತೊಂದರೆ ಕಡಿಮೆ.

ಆದರೆ ಹಿರಿಯರು ಬಳಸುವ ಸಣ್ಣ ಸ್ಪೀಕರ್, ಹಳೆಯ ಕಾರಿನ ಸ್ಟೀರಿಯೋಗಳಲ್ಲಿ ಫ್ಲ್ಯಾಕ್ ನುಡಿಯದೆ ಇರಬಹುದು. ಅವರಿಗಾಗಿ ಎಂಪಿ3 ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಿ.

ಹೆಸರಿಡುವುದೇ ಅರ್ಧ ಕೆಲಸ

'ಟ್ರ್ಯಾಕ್ 07' ಎಂದಷ್ಟೇ ಇದ್ದರೆ ಹತ್ತು ವರ್ಷದ ನಂತರ ಅದು ಯಾರ ಧ್ವನಿ ಎಂದು ಮಕ್ಕಳಿಗೆ ತಿಳಿಯುವುದಿಲ್ಲ. ಪ್ರವಚನವಾದರೆ ಪೂಜ್ಯರ ಹೆಸರು, ಊರು, ವರ್ಷ, ವಿಷಯ ಇವಿಷ್ಟನ್ನು ಇದೇ ಕ್ರಮದಲ್ಲಿ ಬರೆಯಿರಿ. ಸಿಡಿ ಮೇಲಿನ ಕೈಬರಹವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅದೇ ಫೋಲ್ಡರಿನಲ್ಲಿಡಿ. ಯುನಿಕೋಡ್ ಕನ್ನಡವನ್ನೇ ಬಳಸಿ. ಹಳೆಯ ಫಾಂಟುಗಳಲ್ಲಿ ಬರೆದ ಹೆಸರುಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ.

ಕಾಗುಣಿತವೂ ಒಂದೇ ಇರಲಿ. 'ಣಮೋಕಾರ', 'ನಮೋಕಾರ', 'ನವಕಾರ' ಎಂದು ಮೂರು ಬಗೆಯಲ್ಲಿ ಬರೆದಿಟ್ಟರೆ ಹುಡುಕಿದಾಗ ಒಂದು ಸಿಕ್ಕು ಎರಡು ತಪ್ಪುತ್ತವೆ. ಭಕ್ತಾಮರದಲ್ಲಿ ದಿಗಂಬರ ಪರಂಪರೆಯಂತೆ 48 ಶ್ಲೋಕಗಳು, ಶ್ವೇತಾಂಬರ ಪಾಠದಲ್ಲಿ 44. ಯಾವ ಪಾಠವೆಂದು ಹೆಸರಿನಲ್ಲೇ ಸೂಚಿಸಿದರೆ ಕಲಿಯುವ ಮಕ್ಕಳಿಗೆ ಗೊಂದಲವಾಗದು.

ಈ ಕೆಲಸಕ್ಕೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಂಪ್ಯೂಟರ್ ಮಕ್ಕಳಿಗೆ ಗೊತ್ತು, ಧ್ವನಿ ಯಾರದೆಂದು ಅಜ್ಜ ಅಜ್ಜಿಗೆ ಮಾತ್ರ ಗೊತ್ತು.

ಒಂದೇ ಪ್ರತಿ ಸಾಲದು

ಹಾರ್ಡ್ ಡಿಸ್ಕ್ ಕೂಡ ಕೆಡುತ್ತದೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಊರಿನ ಅಣ್ಣನ ಮನೆಯಲ್ಲೋ ಕ್ಲೌಡ್‌ನಲ್ಲೋ ಇರಲಿ. ಪ್ರತಿಗಳನ್ನು ನುಡಿಸಿ ನೋಡಿದ ಮೇಲೂ ಸಿಡಿ-ಆರ್‌ಗಳನ್ನು ಎಸೆಯದೆ ನೆರಳಿನಲ್ಲಿ ತೆಗೆದಿಡಿ. ಬೇಡವಾದ ಸಿಡಿಗಳನ್ನು ಸುಡಬೇಡಿ, ಅವು ಪ್ಲಾಸ್ಟಿಕ್.

ಕೊಂಡ ಸಿಡಿಯ ಪ್ರತಿಯನ್ನು ಮನೆಯವರು ಕೇಳುವುದು ಬೇರೆ, ಯೂಟ್ಯೂಬ್‌ಗೆ ಹಾಕುವುದು ಬೇರೆ. ಅದರ ಹಕ್ಕು ಗಾಯಕರದು, ಕಂಪನಿಯದು. ಪ್ರವಚನಗಳನ್ನು ಹಂಚುವ ಮೊದಲು ಸಂಬಂಧಪಟ್ಟ ಸಂಘ ಅಥವಾ ಮಠದ ಅನುಮತಿ ಪಡೆಯಿರಿ.

ಶ್ರುತಪಂಚಮಿಗೆ ಒಂದು ಸಂಕಲ್ಪ

ನೆನಪಿನ ಶಕ್ತಿ ಕುಂದುತ್ತಿದೆ ಎಂದು ತಿಳಿದು ಧರಸೇನಾಚಾರ್ಯರು ತಮ್ಮ ಜ್ಞಾನವನ್ನು ಪುಷ್ಪದಂತ, ಭೂತಬಲಿ ಆಚಾರ್ಯರಿಗೆ ಧಾರೆಯೆರೆದರು. ಅದು ಷಟ್ಖಂಡಾಗಮವಾಗಿ ಬರಹಕ್ಕಿಳಿದ ನೆನಪಿಗೇ ಜ್ಯೇಷ್ಠ ಶುಕ್ಲ ಪಂಚಮಿಯಂದು ನಾವು ಶ್ರುತಪಂಚಮಿ ಆಚರಿಸುತ್ತೇವೆ, ಗ್ರಂಥಗಳ ಧೂಳು ಒರೆಸಿ ಪೂಜಿಸುತ್ತೇವೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಪ್ರತಿ ಮಾಡುವುದು ನಮ್ಮಲ್ಲಿ ಹಿಂದಿನಿಂದಲೂ ಶಾಸ್ತ್ರದಾನವೇ.

ವಾರಕ್ಕೆ 10 ಸಿಡಿಯಂತೆ ಮಾಡಿದರೆ 200 ಸಿಡಿಗಳು ಐದು ತಿಂಗಳಲ್ಲಿ ಮುಗಿಯುತ್ತವೆ. ಈ ಭಾನುವಾರ ಪೆಟ್ಟಿಗೆ ಇಳಿಸಿ, ಕೈಬರಹದ ಸಿಡಿಗಳನ್ನು ಮೊದಲು ಬೇರೆ ಮಾಡಿ.