ಬೇರಿನ ತುದಿಯಲ್ಲಿ ಸಿಕ್ಕ ಗುಟ್ಟು

ಟ್ರಫಲ್ ನೆಲದ ಮೇಲೆ ಕೊಡೆ ಬಿಚ್ಚುವ ಅಣಬೆಯಲ್ಲ. ಯುರೋಪಿನ ಓಕ್, ಹೇಜಲ್ ಮರಗಳ ಬುಡದಲ್ಲಿ, ಮಣ್ಣಿನೊಳಗೇ ಗುಂಡಗೆ ಬಲಿಯುತ್ತದೆ. ಬಲಿತಾಗ ಹೊಮ್ಮುವ ಗಾಢ ವಾಸನೆ ಹಿಡಿದು ಹಂದಿ, ಇಲಿ, ಅಳಿಲುಗಳು ಕೆದಕಿ ತಿನ್ನುತ್ತವೆ. ಅವುಗಳ ಹಿಕ್ಕೆಯಲ್ಲಿ ಬೀಜಕಣಗಳು ಕಾಡಿಗೆ ಹರಡುತ್ತವೆ. ಮನುಷ್ಯರೂ ಹಂದಿ, ನಾಯಿಗಳ ಮೂಗನ್ನು ನಂಬಿಯೇ ಈ ದುಬಾರಿ ಅಣಬೆಯನ್ನು ಹುಡುಕುತ್ತಿದ್ದರು.

19ನೇ ಶತಮಾನದ ಆರಂಭದಲ್ಲಿ ದಕ್ಷಿಣ ಫ್ರಾನ್ಸಿನ ರೈತ ಜೋಸೆಫ್ ತಾಲೋನ್, ಟ್ರಫಲ್ ಸಿಗುವ ಓಕ್ ಮರಗಳ ಬೀಜ ಆಯ್ದು ಬಿತ್ತಿದರು. ಸಸಿಗಳು ಮರವಾದಾಗ ಅವುಗಳ ಬುಡದಲ್ಲೂ ಟ್ರಫಲ್ ಸಿಕ್ಕಿತು. ಮರಕ್ಕೂ ಅಣಬೆಗೂ ನಂಟಿದೆ ಎಂಬುದು ಖಚಿತವಾಯಿತು. ಅದು ಎಂಥ ನಂಟು ಎಂಬುದು ಮಾತ್ರ ಮಣ್ಣಿನಡಿಯೇ ಉಳಿಯಿತು.

ಮುಂದೆ ಪ್ರಷ್ಯಾದ ಸರಕಾರಕ್ಕೂ ತನ್ನ ನೆಲದಲ್ಲಿ ಟ್ರಫಲ್ ಬೆಳೆಯುವ ಆಸೆ ಹುಟ್ಟಿತು. ಹಾದಿ ಹುಡುಕುವ ಕೆಲಸ ಬರ್ಲಿನ್ನಿನ ಕೃಷಿ ಕಾಲೇಜಿನ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಅವರ ಪಾಲಿಗೆ ಬಂತು. ಅವರು ಓಕ್, ಬೀಚ್, ಹೇಜಲ್ ಮರಗಳ ಬೇರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಎಳೆಬೇರಿನ ತುದಿಗಳನ್ನು ಶಿಲೀಂಧ್ರದ ನೂಲುಗಳು ಒತ್ತಾಗಿ ಮುಚ್ಚಿದ್ದವು. ಹೊರಪದರದ ಕೋಶಗಳ ನಡುವೆಯೂ ನುಸುಳಿದ್ದವು. ಟ್ರಫಲ್ಲಿನ ಸುಳಿವೇ ಇಲ್ಲದ ಕಡೆಯೂ ಇದೇ ನೋಟ. ಅಚ್ಚರಿಯೆಂದರೆ, ಮರಗಳು ಸೊರಗಿರಲಿಲ್ಲ.

1885ರಲ್ಲಿ ಫ್ರಾಂಕ್ ತಮ್ಮ ತೀರ್ಮಾನ ಪ್ರಕಟಿಸಿದರು: ಇದು ರೋಗವಲ್ಲ, ಕೂಡಿಬಾಳುವ ಬಗೆ. ಮಣ್ಣಿನ ನೀರು, ಲವಣಗಳನ್ನು ಹೀರಿ ಕೊಡುವ ಶಿಲೀಂಧ್ರವು ಮರಕ್ಕೆ ಹಾಲೂಡುವ ದಾದಿ. ಈ ಜೋಡಿಗೆ ಅವರಿಟ್ಟ ಹೆಸರು ಮೈಕೊರೈಜಾ. ಶಿಲೀಂಧ್ರವೆಂದರೆ ಪರಾವಲಂಬಿ ಎಂದೇ ತಿಳಿದಿದ್ದ ಹಲವು ವಿದ್ವಾಂಸರು ಒಪ್ಪಲಿಲ್ಲ. ಫ್ರಾಂಕ್ ಕಾಯಿಸಿ ಶುದ್ಧಗೊಳಿಸಿದ ಮಣ್ಣಿನಲ್ಲೂ ಕಾಯಿಸದ ಮಣ್ಣಿನಲ್ಲೂ ಪೈನ್ ಸಸಿಗಳನ್ನು ಬೆಳೆಸಿ ತೋರಿಸಿದರು. ಬೇರಿಗೆ ಶಿಲೀಂಧ್ರ ಕೂಡಿದ ಸಸಿಗಳೇ ಹುಲುಸಾಗಿ ಬೆಳೆದವು.

1950ರ ದಶಕದಲ್ಲಿ ಸ್ವೀಡನ್ನಿನ ಎಲಿಯಾಸ್ ಮೆಲಿನ್ ವಿಕಿರಣಶೀಲ ಧಾತುಗಳ ಜಾಡು ಹಿಡಿದು ಕೊಡುಕೊಳೆಯನ್ನು ಸಾಬೀತುಪಡಿಸಿದರು. ಶಿಲೀಂಧ್ರದಿಂದ ಸಸಿಗೆ ರಂಜಕ ಹೋಗುತ್ತದೆ. ಎಲೆ ಬೆಳಕಿನಲ್ಲಿ ತಯಾರಿಸಿದ ಆಹಾರದ ಪಾಲು ಬೇರಿನಿಂದ ಶಿಲೀಂಧ್ರಕ್ಕೆ ಇಳಿಯುತ್ತದೆ. ಈ ತಿಳಿವಿನ ಬಲದಿಂದಲೇ 1970ರ ದಶಕದಲ್ಲಿ ಫ್ರಾನ್ಸಿನ ನರ್ಸರಿಗಳು ಬೇರಿಗೆ ಟ್ರಫಲ್ ಕೂಡಿಸಿದ ಸಸಿಗಳನ್ನು ಮಾರತೊಡಗಿದವು.

ಪ್ರಷ್ಯಾ ಕೇಳಿದ್ದು ಊಟದ ಮೇಜಿನ ಒಂದು ಪದಾರ್ಥ. ಫ್ರಾಂಕ್ ಕೊಟ್ಟದ್ದು ಕಾಡು ಬದುಕುವ ಬಗೆಯ ಅರಿವು. ನಮ್ಮ ಪಶ್ಚಿಮಘಟ್ಟದ ಸಾಲುಧೂಪದ ಬೇರುಗಳಲ್ಲೂ ಇಂಥ ಶಿಲೀಂಧ್ರಗಳಿವೆ. ಕಾಡು ಉಳಿಸುವುದೆಂದರೆ ಮರಗಳ ಲೆಕ್ಕವಿಟ್ಟರೆ ಸಾಲದು, ಅವುಗಳ ಬುಡದ ಮಣ್ಣನ್ನೂ ಕೆಡದಂತೆ ಕಾಯಬೇಕು.