ಹೆಂಡದಂಗಡಿಯೂ ಕನ್ನಡ ಕಾವ್ಯವೂ

ಹೆಂಡದ ಮಾರಯ್ಯನ ವಚನಗಳನ್ನಾಗಲಿ ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳ’ನ್ನಾಗಲಿ ಓದುವಾಗ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಏಳುವುದು ಸಹಜ. ಲೋಕ ಹಗುರವಾಗಿ ಕಂಡ ಹೆಂಡದಂಗಡಿಯನ್ನು ಕವಿಗಳೇಕೆ ಇಷ್ಟು ಗಂಭೀರವಾಗಿ ಕಂಡರು? ಉತ್ತರದ ಒಂದು ಎಳೆ ಆ ಪಾನೀಯದ ಗುಣದಲ್ಲಿಯೇ ಇದೆ.

ಈಚಲು, ತಾಳೆ, ಬಗನಿ ಮರಗಳಿಂದ ಇಳಿಸಿದ ರಸ ಮುಂಜಾವಿನಲ್ಲಿ ಸಿಹಿಯಾದ ನೀರಾ. ಗಡಿಗೆಯೊಳಗೆ ಸುಣ್ಣ ಬಳಿಯದಿದ್ದರೆ ಕೆಲವೇ ಗಂಟೆಗಳಲ್ಲಿ ಅದು ಹುದುಗಿ ಹೆಂಡವಾಗುತ್ತದೆ, ಮರುದಿನ ಹುಳಿಯೇರುತ್ತದೆ. ಹುದುಗು ಜೀವಂತವಾಗಿರುವಾಗಲೇ ಕುಡಿಯಬೇಕಾದ ಪಾನೀಯ ದೂರ ಪಯಣಿಸಲಾರದು. ಆದ್ದರಿಂದ ಕುಡಿಯುವವರೇ ಅದಿರುವಲ್ಲಿಗೆ ಬರಬೇಕು, ಬಂದವರು ಒಟ್ಟಿಗೆ ಕುಳಿತುಕೊಳ್ಳಬೇಕು. ಅಂಗಡಿಯೊಂದು ಕೂಟವಾಗುವುದು ಹೀಗೆ.

ಇಂಗ್ಲೆಂಡಿನ ಸಾಂಪ್ರದಾಯಿಕ ಪಬ್ಬಿನ ಆಕರ್ಷಣೆಗೂ ಕಾರಣ ಇದೇ. ‘ಪಬ್’ ಎಂಬುದು ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ. ಅರ್ಥ, ಎಲ್ಲರಿಗೂ ತೆರೆದ ಮನೆ. ಅಲ್ಲಿಯ ‘ಕಾಸ್ಕ್ ಏಲ್’ ಎಂಬ ಬಾರ್ಲಿಯ ಪಾನೀಯ ಪೀಪಾಯಿಯಲ್ಲಿಯೇ ಎರಡನೆಯ ಬಾರಿ ಹುದುಗುತ್ತದೆ. ನೆಲಮಾಳಿಗೆಯಲ್ಲಿ ಸುಮಾರು 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು, ಕೈಪಂಪಿನಿಂದ ಮೇಲೆತ್ತಿ ಕೊಡುತ್ತಾರೆ. ತೆರೆದ ಪೀಪಾಯಿ ಕೆಲವೇ ದಿನಗಳಲ್ಲಿ ಬರಿದಾಗದಿದ್ದರೆ ರುಚಿ ಕೆಡುತ್ತದೆ. ಕಾರ್ಖಾನೆಯ ಬಿಯರಿನೆದುರು ಇದು ಅಳಿಯದಿರಲೆಂದು 1971ರಲ್ಲಿ ಅಲ್ಲಿ ಒಂದು ಚಳವಳಿಯೇ ಹುಟ್ಟಿತು.

ನಮ್ಮ ಹೆಂಡದಂಗಡಿಗೆ ಅಂತಹ ಗೌರವ ದೊರೆಯಲಿಲ್ಲ, ದೊರೆತದ್ದು ಕಾವ್ಯ. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯ ವರ್ಣನೆ ಬರುತ್ತದೆ. ಅದು ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲೊಂದಾದ ಮಧುಪಾನದ ಸಂಪ್ರದಾಯಕ್ಕೆ ಸೇರಿದುದು. ಹನ್ನೆರಡನೆಯ ಶತಮಾನದಲ್ಲಿ ಈ ನೋಟ ತಿರುವುಮುರುವಾಯಿತು. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಬರೆದ ಮಾರಯ್ಯ ಹೆಂಡವನ್ನು ವರ್ಣಿಸುವ ಕವಿಯಲ್ಲ, ಮಾರುವ ಕಾಯಕದವನು. ತನ್ನ ವೃತ್ತಿಯ ಮಾತುಗಳಲ್ಲಿಯೇ ಅವನು ಅನುಭಾವವನ್ನು ನುಡಿದನು.

ರಾಜರತ್ನಂ ಅವರ ‘ಯೆಂಡ್ಕುಡ್ಕ ರತ್ನ’ 1932ರಲ್ಲಿ ಹೊರಬಂದಿತು. ಬೌದ್ಧ, ಜೈನ ಸಾಹಿತ್ಯಗಳ ವಿದ್ವಾಂಸರೊಬ್ಬರು ಓದುಬರಹವಿಲ್ಲದ ಕುಡುಕನ ಆಡುಮಾತಿಗೆ ಕಾವ್ಯದ ಪೀಠವನ್ನಿತ್ತರು. ‘ಹೆಂಡ’ ಅಲ್ಲಿ ‘ಯೆಂಡ’ವಾಗುವುದು ಉಚ್ಚಾರದೋಷವಲ್ಲ, ಪಾತ್ರದ ಘನತೆ. ರತ್ನನ ಬಡತನ, ನಂಜಿಯ ಮೇಲಿನ ಒಲವು, ಕನ್ನಡದ ಅಭಿಮಾನ ಇವೆಲ್ಲ ಆ ನಾಲಗೆಯಿಂದಲೇ ಮೂಡಬೇಕಾಗಿತ್ತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಬಗನಿ ಮರವೇರುವ ಹಳೆಪೈಕದ ತಿಮ್ಮನ ಮೂಲಕ ಈ ವೃತ್ತಿಯ ಶ್ರಮವೂ ಕಾದಂಬರಿಯೊಳಗೆ ಬಂದಿತು.

ಕೃಷ್ಣಾ-ಪಂಚಗಂಗೆಯರ ಸಂಗಮಕ್ಕೆ ಸಮೀಪದ ನಮ್ಮ ಕುರುಂದವಾಡದಂತಹ ಗಡಿಯೂರಿನಲ್ಲಿ ಈ ಲೋಕದ ಪದಗಳು ಎರಡು ಭಾಷೆಗಳ ನಡುವೆ ಸಂಚರಿಸುತ್ತವೆ. ಮರಾಠಿಯಲ್ಲಿ ‘ಶಿಂದಿ’ ಎಂದರೆ ಈಚಲ ಮರ. ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಸಿಂದಿ’ ಎಂದರೆ ಅದರ ಹೆಂಡ. ‘ತಾಡಿ’ ಇಂಗ್ಲಿಷಿಗೆ ಹೋಗಿ ‘ಟಾಡಿ’ಯಾಯಿತು. ‘ಕಳ್’ ಎಂಬುದಾದರೋ ತಮಿಳು, ಮಲಯಾಳಗಳೊಡನೆ ನಾವು ಹಂಚಿಕೊಂಡ ದ್ರಾವಿಡ ಪದ. ಇಚಲಕರಂಜಿ ಎಂದೊಡನೆ ಕನ್ನಡದ ಕಿವಿಗೆ ಈಚಲು ಕೇಳಿಸದಿರದು. ಆದರೆ ಧ್ವನಿಸಾಮ್ಯ ಒಂದರಿಂದಲೇ ಸ್ಥಳನಾಮದ ನಿರುಕ್ತಿ ಸ್ಥಿರಪಡದೆಂಬುದನ್ನು ಅಭ್ಯಾಸಿಗಳು ಮರೆಯಬಾರದು.

ಭಟ್ಟಿಯಿಳಿಸಿದ ಸಾರಾಯಿ ಕೆಡುವುದಿಲ್ಲ, ಎಷ್ಟು ದೂರಕ್ಕಾದರೂ ಹೋಗುತ್ತದೆ. ಅದಕ್ಕೆ ಕೂಟ ಬೇಕಿಲ್ಲ. ಅದು ಮುರಿದ ಮನೆಗಳು ಹಲವು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದುದರ ಹಿಂದೆ ಹೆಂಗಸರ ಕಣ್ಣೀರಿದೆ. ಹೆಂಡವೂ ನಿರಪಾಯವಲ್ಲ, ಮಾರಯ್ಯನಾಗಲಿ ರಾಜರತ್ನಂ ಆಗಲಿ ಕುಡಿತಕ್ಕೆ ಕರೆದವರಲ್ಲ. ಕುಡಿಯುವವನೂ ಮಾರುವವನೂ ಮನುಷ್ಯರೇ, ಅವರ ನುಡಿಗೂ ಕಾವ್ಯದಲ್ಲಿ ಸ್ಥಾನವುಂಟು ಎಂದು ತೋರಿಸಿದವರು.

ಮರವೇರುವ ಕಸುಬು ಅಳಿದಂತೆ ಅದರ ಪದಗಳೂ ಅಳಿಯುತ್ತವೆ. ಪದಗಳು ಹೋದರೆ ಈ ಕಾವ್ಯ ಅರ್ಧ ಮೂಕವಾಗುತ್ತದೆ. ಮರ, ಗಡಿಗೆ, ಹುದುಗು, ಅಳತೆ ಇವುಗಳಿಗೆ ತಮ್ಮ ಊರಿನ ಹಿರಿಯರು ಬಳಸುವ ಮಾತುಗಳನ್ನು ವಿದ್ಯಾರ್ಥಿಗಳು ಈಗಲೇ ಬರೆದಿಟ್ಟುಕೊಳ್ಳುವುದು ಲೇಸು.