ಹಾರ ಸಾಕು, ಪಗಾರ ಕೊಡ್ರಿ

ಹುಬ್ಬಳ್ಳಿ-ಧಾರವಾಡದ ಯಾವ ಓಣಿಗರೆ ಹೋಗ್ರಿ, ಯಾರ ಮನ್ಯಾಗ ಬಸುರಿ ಅದಾಳ, ಯಾವ ಕೂಸಿಗೆ ಲಸಿಕೆ ಬಾಕಿ ಐತಿ ಅನ್ನೂದು ಆಶಾ ಕಾರ್ಯಕರ್ತೆಗೆ ಗೊತ್ತಿರತೈತಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ 10 ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಆದರೆ ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, ‘ಸ್ವಯಂಸೇವಕಿ’ಯರು. ನನ್ನ ತಕರಾರು ಇರುವುದೇ ಈ ಪದದ ಮೇಲೆ. ಇದರಿಂದಾಗಿ ಸಂಬಳದ ಜಾಗದಲ್ಲಿ ಗೌರವಧನ ಬಂತು. ಜೊತೆಗೆ ಹೆರಿಗೆಗಿಷ್ಟು, ಲಸಿಕೆಗಿಷ್ಟು ಎಂದು ಎಣಿಸಿ ಕೊಡುವ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕುಳಿತು ರಾಜ್ಯದ ಆಶಾಗಳು ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಸಿಕ್ಕಿದ್ದು ಕನಿಷ್ಠ 10,000ದ ಭರವಸೆ. ಸನ್ಮಾನ ಬ್ಯಾಡ ಅಂತ ನಾ ಅನ್ನೂದಿಲ್ಲ. ಆದ್ರ ಶಾಲು ಹೊದಿಸೂ ಮುಂದ ವೇದಿಕೆ ಮ್ಯಾಲಿನ ಶಾಸಕರನ್ನ ಒಂದು ಮಾತು ಕೇಳ್ರಿ: ಈ ತಿಂಗಳ ರೊಕ್ಕ ಇವರಿಗೆ ಮುಟ್ಟೇತೇನ್ರಿ?